ಚೌಳುಜೇನಿನ ವೆಲ್ಡಾ

ಪ್ಯಾಡಕ್ ಊರಿನಲ್ಲಿ ವೆಲ್ಡಾ ಕ್ರಮ್ ಜೊತೆ ಇಸ್ಪೀಟು ಆಡಲು ಕೂರುವವರು ಮೊದಲು ಅವಳಿಗೆ ಅಂಗಿಯ ತೋಳು ಮಡಿಸಲು ಹೇಳುತ್ತಿದ್ದರು. ಅವಳು ನಗುತ್ತಲೇ ಮೊಣಕೈವರೆಗೆ ಮಡಿಸುತ್ತಿದ್ದಳು. ಆಮೇಲೂ ಗೆಲ್ಲುತ್ತಿದ್ದಳು. ಎಲೆಯನ್ನು ಎಲ್ಲಿ ಬಚ್ಚಿಡುತ್ತಾಳೆಂದು ಯಾರಿಗೂ ಪತ್ತೆಯಾಗಲಿಲ್ಲ. ಚರ್ಚಿನ ಪಾದ್ರಿಯೇ ಒಮ್ಮೆ ತಡೆಯಲಾರದೆ ಕೇಳಿಬಿಟ್ಟಾಗ, "ಪಾದ್ರಿಗಳೇ, ನಾನು ಮೋಸ ಮಾಡ್ತೀನಿ ಅಂತ ಎದುರಿಗಿರೋರು ನಂಬಿದ್ರೆ ಸಾಕು. ಅರ್ಧ ಆಟ ಅಲ್ಲೇ ಮುಗೀತು," ಅಂದಳಂತೆ. ಮಿಕ್ಕರ್ಧ ಆಟದ ಬಗ್ಗೆ ಕೇಳುವ ಧೈರ್ಯ ಪಾದ್ರಿಗೂ ಬರಲಿಲ್ಲ.

ಅವಳು ಓರಿನ್ ಕ್ರಮ್‌ನ ಕೈಹಿಡಿದು ಈ ಊರಿಗೆ ಬಂದದ್ದು ೧೯೫೧ರಲ್ಲಿ, ಇಪ್ಪತ್ತಮೂರರ ವಯಸ್ಸಿನಲ್ಲಿ. ವಾಷಿಂಗ್ಟನ್ ರಾಜ್ಯದ ಪೂರ್ವದಂಚಿನ ಈ ಒಣ ಕಣಿವೆಯಲ್ಲಿ ಆಗಲೂ ಈಗಲೂ ಎಲ್ಲರೂ ಬೆಳೆಯುವುದು ಕುದುರೆಮಸಾಲೆ, ಅಂದರೆ ದನಗಳಿಗೆ ಹಾಕುವ ಲೂಸರ್ನ್. ಆದರೆ ಇಲ್ಲಿಯವರು ಅದನ್ನು ಮೇವಿಗಾಗಿ ಬೆಳೆಯುವುದಿಲ್ಲ, ಬೀಜಕ್ಕಾಗಿ ಬೆಳೆಯುತ್ತಾರೆ. ಓರಿನ್ ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ವೆಲ್ಡಾ ಆ ಕೊರತೆಯನ್ನು ಬೆಳಗಿನ ಕಾಫಿಯ ಹೊತ್ತಿಗೇ ತುಂಬಿಸಿಬಿಡುತ್ತಿದ್ದಳು.

ಕುದುರೆಮಸಾಲೆಯ ಹೂವು ನೋಡಲು ಸಾಧು, ಗುಣದಲ್ಲಿ ಇಲಿಬೋನು. ಒಳಗೊಂದು ಕಡ್ಡಿ ಬಾಗಿಸಿಟ್ಟ ಹಾಗೆ ಕಾದಿರುತ್ತದೆ. ಯಾವ ನೊಣ ಮೂತಿ ತೂರಿಸಿದರೂ ಅದು ಪಟ್ಟನೆ ಎದ್ದು ಮುಖಕ್ಕೆ ಹೊಡೆಯುತ್ತದೆ. ಆ ಏಟು ಬಿದ್ದರೇನೇ ಪರಾಗ ತಗುಲಿ ಕಾಯಿ ಕಟ್ಟುವುದು. ಓರಿನ್ ಪ್ರತಿ ಬೇಸಿಗೆಯೂ ಜೇನುಪೆಟ್ಟಿಗೆಗಳನ್ನು ಬಾಡಿಗೆಗೆ ತರಿಸುತ್ತಿದ್ದ. ಆ ಪೆಟ್ಟಿಗೆಯ ಜೇನ್ನೊಣಗಳೋ ಮಹಾ ಜಾಣೆಯರು. ಒಂದೆರಡು ಸಲ ಕಪಾಳಮೋಕ್ಷವಾಗುತ್ತಲೇ ಪಕ್ಕದ ಸಂದಿಯಿಂದ ನಾಲಿಗೆ ಚಾಚಿ ಮಕರಂದ ಹೀರಿ, ಹೂವನ್ನು ಮುಟ್ಟದೆ ಹೊರಟುಬಿಡುತ್ತಿದ್ದವು. ಹೊಲದ ತುಂಬ ಹೂವು, ಕಾಯಿ ಮಾತ್ರ ದೇವರೇ ಗತಿ.

ಅವರ ಜಮೀನಿನ ಒಂದು ಮೂಲೆ ಚೌಳು. ಮೇಲೆ ಬಿಳಿ ಉಪ್ಪು, ಕೆಳಗೆ ಸದಾ ಜಿನುಗುವ ತೇವ, ಹುಲ್ಲು ಕೂಡ ಹುಟ್ಟದ ನೆಲ. ಮದುವೆಯಾದ ಮೂರನೆಯ ವರ್ಷ ಓರಿನ್ ಅದಕ್ಕೆ ಉಪ್ಪು ಕಳೆಯುವ ಜಿಪ್ಸಮ್ ಹಾಕಿ ಉಳುವುದೆಂದು ತೀರ್ಮಾನಿಸಿದ. ಮೂಟೆಗಳೂ ಬಂದು ಕೊಟ್ಟಿಗೆಯಲ್ಲಿ ಕೂತವು. ಅದೇ ವಾರ ಮೊಟ್ಟೆ ಕದ್ದಿಡುವ ಒಂದು ಕೋಳಿಯನ್ನು ಹುಡುಕುತ್ತ ವೆಲ್ಡಾ ಆ ಮೂಲೆಗೆ ಹೋದಳು. ಕೋಳಿ ಸಿಗಲಿಲ್ಲ. ನೆಲದ ತುಂಬ ಪೆನ್ಸಿಲು ಚುಚ್ಚಿದ ಹಾಗೆ ತೂತುಗಳಿದ್ದವು, ಪ್ರತಿ ತೂತಿನ ಸುತ್ತ ರಾಗಿಹಿಟ್ಟು ಗುಡ್ಡೆ ಹಾಕಿದಂತೆ ಸಣ್ಣ ಮಣ್ಣಗುಪ್ಪೆಯಿತ್ತು. ಅವಳು ಕುಕ್ಕರುಗಾಲಲ್ಲಿ ಕೂತಳು. ಹೊಟ್ಟೆಯ ಮೇಲೆ ಹಸಿರುನೀಲಿ ಪಟ್ಟೆ ಮಿರುಗುವ ಕಪ್ಪು ನೊಣವೊಂದು ಕಾಲ ತುಂಬ ಪರಾಗ ಹೊತ್ತು ಬಂದು, ಸಾವಿರ ತೂತುಗಳ ನಡುವೆ ತನ್ನದೊಂದನ್ನೇ ಗುರುತು ಹಿಡಿದು ಇಳಿದುಹೋಯಿತು. ಅದು ಮತ್ತೆ ಹೊರಬಂದಾಗ ವೆಲ್ಡಾ ಸೆರಗಿಲ್ಲದ ಕಾರಣ ಏಪ್ರನ್ನನ್ನೇ ಎತ್ತಿಕಟ್ಟಿ ಅದರ ಹಿಂದೆ ಓಡಿದಳು. ನೊಣ ನೆಟ್ಟಗೆ ಹೊಲಕ್ಕೆ ಹೋಗಿ ಹೂವಿಗೆ ಮುಖ ಕೊಟ್ಟಿತು. ಪಟ್! ಏಟು ಬಿತ್ತು. ಏನೂ ಆಗಲೇ ಇಲ್ಲವೆಂಬಂತೆ ಪಕ್ಕದ ಹೂವಿಗೆ ಹೋಯಿತು. ಪಟ್! ಮತ್ತೊಂದಕ್ಕೆ ಹೋಯಿತು. ವೆಲ್ಡಾ ಬಿಸಿಲಲ್ಲಿ ನಿಂತು ಒಬ್ಬಳೇ ನಕ್ಕಳು. ಇಷ್ಟು ಭಂಡ ಹೆಣ್ಣನ್ನು ಅವಳು ಕನ್ನಡಿಯಲ್ಲಿ ಬಿಟ್ಟರೆ ಬೇರೆಲ್ಲೂ ಕಂಡಿರಲಿಲ್ಲ.

ಆ ಸಂಜೆ ಅವಳು ಗಂಡನಿಗೆ ಹೇಳಿದಳು. "ಎರಡು ವಾರ ತಡಿ, ಓರಿನ್. ಆ ಮೂಲೇಲಿ ನಮ್ಮ ಕೆಲಸದೋರು ಇದಾರೆ."

"ನಾಳೆ ಉಳ್ತೀನಿ," ಅಂದ ಓರಿನ್.

ಮರುದಿನ ಟ್ರ್ಯಾಕ್ಟರ್ ಏಳಲಿಲ್ಲ. ಅದರ ಮರುದಿನವೂ ಏಳಲಿಲ್ಲ. ರಸ್ತೆಯಾಚೆಯ ಹೊಲದ ಹಾರ್ಲನ್ ಬೋಗ್ ಸಹಾಯಕ್ಕೆ ಬಂದ. ಇಂಜಿನ್ನಿನ ರೋಗ ಹಿಡಿಯುವುದರಲ್ಲಿ ತನ್ನನ್ನು ಮೀರಿಸಿದವರಿಲ್ಲವೆಂದು ಹೇಳಿಕೊಳ್ಳುವವನು ಅವನು. ಇಬ್ಬರೂ ಸೇರಿ ನಾಲ್ಕು ದಿನ ಇಂಜಿನ್ನನ್ನು ಬಿಚ್ಚಿ ಜೋಡಿಸಿ, ಗ್ರೀಸಿನಲ್ಲಿ ಮಿಂದೆದ್ದರು. ವೆಲ್ಡಾ ಹೊತ್ತುಹೊತ್ತಿಗೆ ಕಾಫಿಯನ್ನೂ ಹುಳಿದಂಟು ರುಬಾರ್ಬಿನ ಬಿಸಿಬಿಸಿ ಪೈಯನ್ನೂ ತಂದುಕೊಟ್ಟು, "ಅಯ್ಯೋ ಪಾಪ, ಇನ್ನೂ ಏಳ್ಲಿಲ್ವಾ?" ಎಂದು ಕೇಳಿಹೋಗುತ್ತಿದ್ದಳು. ಐದನೆಯ ದಿನ ಓರಿನ್ ಪೈಯನ್ನು ಬಹಳ ನಿಧಾನವಾಗಿ ಅಗಿಯತೊಡಗಿದ.

"ಯಾಕೆ, ರುಚಿ ಇಲ್ವಾ?" ಅಂದಳು ವೆಲ್ಡಾ.

"ರುಚಿ ಇದೆ. ಹಲ್ಲಿಗೆ ರೋಟರ್ ಏನಾದ್ರೂ ಸಿಗುತ್ತಾ ಅಂತ ನೋಡ್ತಿದೀನಿ."

ಇಂಜಿನ್ನಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನೊಳಗಿನ ಹೆಬ್ಬೆರಳು ಗಾತ್ರದ ಆ ತುಣುಕು ಹಿಟ್ಟಿನ ಡಬ್ಬಿಯಲ್ಲಿತ್ತು. ಹಾರ್ಲನ್ ಕಣ್ಣುಕಣ್ಣು ಬಿಟ್ಟ. ವೆಲ್ಡಾ ಸ್ವಲ್ಪವೂ ನಾಚದೆ, "ಎರಡು ವಾರ ಕಳೀಲಿ, ಸಿಗುತ್ತೆ," ಅಂದಳು. ಓರಿನ್ ಇನ್ನೊಂದು ತುಂಡು ಪೈ ಹಾಕಿಸಿಕೊಂಡ.

ಆಗಸ್ಟಿನಲ್ಲಿ ಅವನು ಹೊಲದಲ್ಲಿ ಒಬ್ಬನೇ ನಡೆದ. ಚೌಳು ಮೂಲೆಗೆ ಹತ್ತಿರದ ಸಾಲುಗಳಲ್ಲಿ ಕಾಯಿ ಗೊಂಚಲು ಗೊಂಚಲಾಗಿ ಸುರುಳಿ ಸುತ್ತಿ ಕೂತಿದ್ದವು. ದೂರದ ಸಾಲುಗಳಲ್ಲಿ ಬರೀ ಒಣಹೂವು. ಮರುದಿನ ಜಿಪ್ಸಮ್ ಮೂಟೆಗಳು ಅಂಗಡಿಗೆ ವಾಪಸಾದವು, ಮುಂದಿನ ವರ್ಷ ಬಾಡಿಗೆ ಪೆಟ್ಟಿಗೆಗಳು ಬರಲೇ ಇಲ್ಲ. ಚೌಳಿನಡಿಯ ತೇವ ಆರದಿರಲೆಂದು ಓರಿನ್ ನೆಲದೊಳಗೆ ಪೈಪು ಹೂತ. ಮೇಲ್ಗಡೆ ಬೇಗ ಒಣಗದಿರಲೆಂದು ವೆಲ್ಡಾ ಉಪ್ಪು ಎರಚಿದಳು, ಕಳೆ ಹುಟ್ಟದಂತೆ ನೋಡಿಕೊಂಡಳು. ಊರಿಗೆ ಊರೇ ಬೇಲಿ ಹತ್ತಿರ ನಿಂತು ಹಲ್ಲು ಕಿರಿಯಿತು.

"ಓರಿನ್, ಮೆಣಸೂ ಉದುರಿಸಯ್ಯಾ," ಎಂದು ಹಾರ್ಲನ್ ಕೂಗಿದ. "ರುಚಿಯಾಗಿ ಬೆಂದ್ರೆ ನಂಗೂ ಒಂದು ತಟ್ಟೆ ಇಡು!"

ಚೌಳಿನ ಆ ನೊಣ, ಚೌಳುಜೇನು, ಹೆಸರಿಗಷ್ಟೇ ಜೇನು, ತೊಟ್ಟು ತುಪ್ಪ ಕೊಡುವುದಿಲ್ಲ. ಅದಕ್ಕೆ ಬೇಲಿಯೂ ಗೊತ್ತಿಲ್ಲ, ಯಾರ ಹೊಲವೆಂಬುದೂ ಗೊತ್ತಿಲ್ಲ. ಕೆಲವೇ ವರ್ಷಗಳಲ್ಲಿ ಹಾರ್ಲನ್‌ನ ಹೊಲವೂ ಕಾಯಿಯಿಂದ ಜಗ್ಗತೊಡಗಿತು. ಅವನು ಅದೆಲ್ಲ ತನ್ನ ಗೊಬ್ಬರದ ಮಹಿಮೆ ಎಂದು ಸಾರಿಕೊಂಡು ತಿರುಗಿದ. ವೆಲ್ಡಾ ಅವನ ಬಾಗಿಲಿಗೇ ಹೋಗಿ ಕೇಳಿದಳು: "ಹಾರ್ಲನ್, ನಮ್ಮ ಹುಡುಗೀರು ನಿನ್ನ ಹೊಲದಲ್ಲಿ ದುಡೀತಾ ಇದಾರೆ. ಮಧ್ಯಾಹ್ನಕ್ಕೆ ಊಟಗೀಟ ಹಾಕ್ತೀಯಾ, ಉಪವಾಸ ಕಳಿಸ್ತೀಯಾ?"

"ನಿನ್ನ ಹುಡುಗೀರಿಗೆ ಹಗ್ಗ ಕಟ್ಕೋ," ಅಂದ ಹಾರ್ಲನ್.

ಅವನು ಹಗಲಿನಲ್ಲೇ ಔಷಧಿ ಹೊಡೆಯುವವನು. ಹೇಳಿ ಪ್ರಯೋಜನವಿಲ್ಲವೆಂದು ವೆಲ್ಡಾ ಅವನನ್ನು ಇಸ್ಪೀಟಿಗೆ ಕರೆದಳು. ಅವನು ಗೆದ್ದರೆ ವರ್ಷವಿಡೀ ವಾರಕ್ಕೊಂದು ಪೈ. ಅವಳು ಗೆದ್ದರೆ, ನೊಣಗಳೆಲ್ಲ ಗೂಡು ಸೇರಿ ಕತ್ತಲಾದ ಮೇಲೆಯೇ ಅವನು ಔಷಧಿ ಹೊಡೆಯಬೇಕು. ಹಾರ್ಲನ್ ಅವಳ ತೋಳು ಮಡಿಸಿಸಿದ, ಕುರ್ಚಿಯ ಅಡಿ ಬಗ್ಗಿ ನೋಡಿದ, ಟೋಪಿಯನ್ನೂ ತೆಗೆಸಿದ. ಮೂರು ಆಟದಲ್ಲಿ ಮೂರೂ ಸೋತ. ಮಾತಿಗೆ ತಪ್ಪುವವನಲ್ಲ. ಅಲ್ಲಿಂದ ಮುಂದೆ ಕತ್ತಲಲ್ಲಿ ಗೊಣಗುತ್ತಲೇ ಔಷಧಿ ಹೊಡೆದ.

ಇಪ್ಪತ್ತು ವರ್ಷ ಹೀಗೇ ಸಾಗಿತು. ೧೯೭೪ರಲ್ಲಿ ಎರಡೂ ಹೊಲಗಳ ನಡುವಿನ ಜಲ್ಲಿ ರಸ್ತೆಗೆ ಡಾಂಬರು ಬಿತ್ತು. ಹೊಸ ಅಣೆಕಟ್ಟಿನ ಹಿನ್ನೀರಿಗೆ ಅದೇ ಹತ್ತಿರದ ದಾರಿಯಾಯಿತು. ದೋಣಿ ಎಳೆದುಕೊಂಡು ಪಟ್ಟಣದ ಕಾರುಗಳು ಅರವತ್ತು ಮೈಲಿ ವೇಗದಲ್ಲಿ ಧಾವಿಸತೊಡಗಿದವು. ಚೌಳುಜೇನು ಹಾರುವುದೇ ಸೊಂಟದೆತ್ತರದಲ್ಲಿ. ಚಳಿಗಾಲವಿಡೀ ನೆಲದಡಿ ಮರಿಯಾಗಿ ಮಲಗಿದ್ದ ಅವು ಜೂನ್ ನಡುವಿನಲ್ಲಿ ಮೇಲೆದ್ದ ಮೂರೇ ದಿನಕ್ಕೆ ರಸ್ತೆಯಂಚಿನಲ್ಲಿ ಕಪ್ಪು ಸಾಲು ಬಿತ್ತು. ವೆಲ್ಡಾ ಮೊರ ಪೊರಕೆ ತಂದು ಗುಡಿಸಿದಳು. ಗುಡಿಸುವಾಗ ಅವಳಿಗೆ ಒಂದು ತಮಾಷೆಯೂ ಹೊಳೆಯಲಿಲ್ಲ. ಎಷ್ಟೋ ನೊಣಗಳ ಕಾಲಲ್ಲಿ ಹಳದಿ ಪರಾಗ ಮೆತ್ತಿತ್ತು, ಮನೆಗೆ ಮರಳುತ್ತಿದ್ದಂಥವು.

ಅವಳು ಅವನ್ನು ಬೂಟಿನ ಡಬ್ಬಿಯಲ್ಲಿ ತುಂಬಿ ಕೌಂಟಿಯ, ಅಂದರೆ ಜಿಲ್ಲೆಯ, ಕಚೇರಿಗೆ ಒಯ್ದಳು. ರಸ್ತೆಗಳ ಉಸ್ತುವಾರಿಯ ಚುನಾಯಿತ ಕಮಿಷನರ್ ಡೆನ್ಬಿ ಎಂಬವನು ಮೇಜಿನ ಹಿಂದೆ ಅಚ್ಚುಕಟ್ಟಾಗಿ ಕೂತಿದ್ದ.

"ಮಿಸೆಸ್ ಕ್ರಮ್, ಇವತ್ತು ಹುಳಕ್ಕೋಸ್ಕರ ಗಾಡಿ ನಿಧಾನ ಮಾಡ್ಸಿದ್ರೆ ನಾಳೆ ಕಪ್ಪೆಗಳು ಅರ್ಜಿ ಹಿಡ್ಕೊಂಡು ಬರ್ತವೆ."

"ಕಪ್ಪೆ ಬಂದ್ರೆ ನೀವು ಕೂರ್ಸಿ ಮಾತಾಡ್ಸಿ ಸ್ವಾಮಿ, ನಿಮ್ಮಿಬ್ಬರ ವಿಷ್ಯ ನಂಗೆ ಬೇಡ. ನಾನು ಬಂದಿರೋದು ನನ್ನ ಕೂಲಿಯೋರ ಪರವಾಗಿ."

ಡೆನ್ಬಿ ನಕ್ಕು ಬಾಗಿಲು ತೋರಿಸಿದ. ವೆಲ್ಡಾ ಎದ್ದಳು. ಡಬ್ಬಿಯನ್ನು ಮಾತ್ರ ಮೇಜಿನ ಮೇಲೆ "ಮರೆತು" ಬಂದಳು. ಅದರಲ್ಲಿದ್ದವೆಲ್ಲ ಸತ್ತಿರಲಿಲ್ಲ, ಕೆಲವಕ್ಕೆ ಬರೀ ಮೂರ್ಛೆ. ಅವಳು ಮೆಟ್ಟಿಲಿಳಿಯುವಷ್ಟರಲ್ಲಿ ಒಳಗಿನಿಂದ ಕುರ್ಚಿ ಬಿದ್ದ ಸದ್ದೂ ಗಂಡಸಿನ ಕಿರುಚಾಟವೂ ಕೇಳಿಸಿದವು.

ಮರುದಿನ ಬೆಳಿಗ್ಗೆ ಹತ್ತಕ್ಕೆ, ನೊಣಗಳು ಕೆಲಸಕ್ಕೆ ಹೊರಡುವ ಹೊತ್ತಿಗೆ ಸರಿಯಾಗಿ, ವೆಲ್ಡಾ ಹುಲ್ಲಿನ ಟೋಪಿ ಹಾಕಿ, ಕಾಫಿಯ ಫ್ಲಾಸ್ಕ್ ಇಟ್ಟುಕೊಂಡು ಹಳೇ ಟ್ರ್ಯಾಕ್ಟರನ್ನು ಡಾಂಬರಿಗೆ ಹತ್ತಿಸಿದಳು. ತಮ್ಮ ಜಮೀನಿನ ಒಂದು ಗೇಟಿನಿಂದ ಒಂದು ಮೈಲಿ ಆಚೆಯ ಇನ್ನೊಂದು ಗೇಟಿನವರೆಗೆ ಬಸುರಿ ಹಸುವಿನ ನಡಿಗೆಯಲ್ಲಿ ಹೋದಳು. ಅಲ್ಲಿ ತಿರುಗಿಸಿ ವಾಪಸು ಬಂದಳು. ಹಿಂದೆ ಕಾರುಗಳ ಬಾಲ ಬೆಳೆಯಿತು. ಹಾರ್ನಿನ ಅಬ್ಬರಕ್ಕೆ ಅವಳು ಟೋಪಿಯನ್ನು ಕಿವಿಯವರೆಗೆ ಎಳೆದುಕೊಂಡಳು. ಲಾರಿಯವನೊಬ್ಬ ಪಕ್ಕದಿಂದ ನುಗ್ಗಿ, ಕಿವಿಯಲ್ಲಿ ಕೇಳಬಾರದ್ದನ್ನು ಕೂಗಿ, ಖಾಲಿ ಬಾಟಲಿ ಎಸೆದು ಹೋದ. ಅದು ಚಕ್ರಕ್ಕೆ ಬಡಿದು ಪುಡಿಯಾಯಿತು. ಸಂಜೆ ಐದಕ್ಕೆ ಮನೆಗೆ ಬಂದಾಗ ಅವಳ ಮುಖ ಬಿಸಿಲಿಗೆ ಬೆಂದಿತ್ತು. ನಾಳೆ ಹೋಗುವುದು ಬೇಡವೆಂದು ಮನಸ್ಸಿನಲ್ಲೇ ಅಂದುಕೊಂಡು ಮಲಗಿದಳು.

ಬೆಳಿಗ್ಗೆ ನೋಡಿದರೆ ಟ್ರ್ಯಾಕ್ಟರಿನ ಸೀಟಿನ ಮೇಲೆ ದೊಡ್ಡದೊಂದು ಬಣ್ಣದ ಛತ್ರಿ ನಿಂತಿತ್ತು. ಓರಿನ್ ಅದರ ಕೊನೆಯ ಬೋಲ್ಟು ಬಿಗಿಯುತ್ತಿದ್ದ.

"ಬಿಸಿಲು," ಅಂದ.

ವೆಲ್ಡಾ ಅವನ ಬೆನ್ನಿಗೊಂದು ಗುದ್ದು ಕೊಟ್ಟು ಹತ್ತಿ ಕೂತಳು.

ಪಟ್ಟಣದವರ ದೂರು ಹೋಗಿ ಪೊಲೀಸ್ ಬಂದ. ಲೈಲ್ ಎಂಬ ಇಪ್ಪತ್ತಾರರ ತರುಣ, ಸೌಮ್ಯ ಸ್ವಭಾವದವನು. ಕೃಷಿ ಕೆಲಸದ ಮೇಲೆ ಹೋಗುವ ಟ್ರ್ಯಾಕ್ಟರನ್ನು ರಸ್ತೆಯಲ್ಲಿ ತಡೆಯುವಂತಿಲ್ಲವೆಂದು ಅವನಿಗೂ ಗೊತ್ತು, ಅವಳಿಗೂ ಗೊತ್ತು.

"ಏನ್ ಕೆಲಸದ ಮೇಲೆ ಹೊರಟ್ರಿ, ಮಿಸೆಸ್ ಕ್ರಮ್?"

"ಈ ಸಲಿಕೆ ಆ ಹೊಲಕ್ಕೆ ಬೇಕಿತ್ತಪ್ಪಾ."

ಅರ್ಧ ಗಂಟೆಯ ಮೇಲೆ ಅವಳು ಎದುರು ದಿಕ್ಕಿನಿಂದ ಬಂದಳು. ಸಲಿಕೆ ಮಡಿಲಲ್ಲೇ ಇತ್ತು.

"ಈಗ?"

"ಆ ಹೊಲಕ್ಕೆ ಬೇಕಾಗಿದ್ದು ಗುದ್ದಲಿ. ವಯಸ್ಸಾಯ್ತು ನೋಡು, ಮರೆವು."

ಮರುದಿನ ಒಂದು ಬಕೆಟ್ಟು, ಆಮೇಲೆ ಒಂದೇ ಒಂದು ಬೇಲಿಗೂಟ. ಮೂರನೆಯ ದಿನ ತೊಡೆಯ ಮೇಲೆ ಕೋಳಿ.

"ಕೋಳಿ ಯಾಕೆ?" ಎಂದ ಲೈಲ್, ಪುಸ್ತಕ ಬಿಚ್ಚಿ.

"ಆ ಕಡೆ ಹೊಲದಲ್ಲಿ ಮಿಡತೆ ಹೆಚ್ಚಾಗಿದಾವೆ. ಇವಳನ್ನ ಡ್ಯೂಟಿಗೆ ಬಿಟ್ಟು ಬರ್ತೀನಿ. ಹೆಸರು ಬೇಕಾ? ಬರ್ಕೋ, ಮಾರ್ತಾ."

ಲೈಲ್ ಬಹಳ ಹೊತ್ತು ಕೆಮ್ಮಿದ. ಪುಸ್ತಕದಲ್ಲಿ "ಕೃಷಿ ಕೆಲಸ" ಎಂದಷ್ಟೇ ಬರೆದ.

ನಾಲ್ಕನೆಯ ದಿನ ಅವಳ ಹಿಂದೆ ಸಿಕ್ಕಿಬಿದ್ದದ್ದು ಹಾರ್ಲನ್‌ನ ಪಿಕಪ್. ಅವನು ದವಡೆಗೆ ಬಟ್ಟೆ ಕಟ್ಟಿಕೊಂಡು ಹಲ್ಲಿನ ಡಾಕ್ಟರ ಬಳಿಗೆ ಹೊರಟಿದ್ದ. ಗಾಡಿಯಿಂದಿಳಿದು ಟ್ರ್ಯಾಕ್ಟರಿನ ಪಕ್ಕ ನಡೆಯುತ್ತಲೇ ಜಗಳಕ್ಕೆ ನಿಂತ. ನಡೆಯುವವನ ವೇಗವೇ ಟ್ರ್ಯಾಕ್ಟರಿನದೂ.

"ದಾರಿ ಬಿಡೇ ಮಾರಾಯ್ತಿ! ಹಲ್ಲು ಪ್ರಾಣ ಹಿಂಡ್ತಿದೆ!"

"ಯಾವ ಹಲ್ಲು? ಮೇಲಿಂದೋ ಕೆಳಗಿಂದೋ?"

"ವೆಲ್ಡಾ!"

"ಬಿಡ್ತೀನಿ ಕಣೋ. ಅದಕ್ಕೆ ಮೊದ್ಲು ನನ್ನ ಟ್ರ್ಯಾಕ್ಟರ್ ಮೂತಿ ಕಡೆ ಒಂದ್ಸಲ ನೋಡು."

ಹಾರ್ಲನ್ ನೋಡಿದ. ಇಂಜಿನ್ನಿನ ಮುಂದೆ ಸೊಂಟದೆತ್ತರದಲ್ಲಿ ಚೌಳುಜೇನು ರಸ್ತೆ ದಾಟುತ್ತಿದ್ದವು. ಹತ್ತಲ್ಲ, ನೂರಲ್ಲ, ಎಡೆಬಿಡದ ಹರಿವು. ಅವಳ ಮೂಲೆಯಿಂದ ಖಾಲಿ ಕಾಲಲ್ಲಿ ಹೊರಟು ಅವನ ಹೊಲಕ್ಕೆ ಇಳಿಯುತ್ತಿದ್ದವು. ಅವನ ಹೊಲದಿಂದ ಹಳದಿ ಕಾಲುಚೀಲ ತೊಟ್ಟು ವಾಪಸು ಹೊರಡುತ್ತಿದ್ದವು. ಹಾರ್ಲನ್ ಇಪ್ಪತ್ತು ವರ್ಷದಲ್ಲಿ ಒಂದು ಸಲವೂ ಈ ಹೊತ್ತಿನಲ್ಲಿ ಇಲ್ಲಿ ಸುಮ್ಮನೆ ನಿಂತಿರಲಿಲ್ಲ. ಈಗಲೂ ಗೊಬ್ಬರದ ಮಾತೆತ್ತಲು ಬಾಯಿ ತೆರೆದ. ಹಲ್ಲು ಚುಳ್ಳೆಂದಿತು. ಬಾಯಿ ಮುಚ್ಚಿದ.

ವೆಲ್ಡಾ ಟ್ರ್ಯಾಕ್ಟರನ್ನು ಬದಿಗೆ ಸರಿಸಿ ದಾರಿ ಬಿಟ್ಟಳು. ಅವನ ಪಿಕಪ್ ಹೋದದ್ದು ಹದಿನೈದೇ ಮೈಲಿ ವೇಗದಲ್ಲಿ, ಅದನ್ನು ಅವಳು ಗಮನಿಸಿದಳು. ಮರುದಿನ ಹತ್ತಕ್ಕೆ, ಊದಿದ ಕೆನ್ನೆಯ ಹಾರ್ಲನ್ ತನ್ನ ಟ್ರ್ಯಾಕ್ಟರಿನಲ್ಲಿ ಎದುರು ದಿಕ್ಕಿನಿಂದ ಬಂದ. ನಡುರಸ್ತೆಯಲ್ಲಿ ಮುಖಾಮುಖಿಯಾದರು. ಇಬ್ಬರೂ ಇಂಜಿನ್ ಆರಿಸಿದರು. ವೆಲ್ಡಾ ಫ್ಲಾಸ್ಕ್ ಬಿಚ್ಚಿದಳು.

"ಬಿಸಿ ಕುಡಿಯಂಗಿಲ್ಲ," ಎಂದು ಹಾರ್ಲನ್ ಮುಖ ಸಿಂಡರಿಸಿದ.

"ಆರೋವರೆಗೂ ಕಾಯೋಣ ಬಿಡು. ಅವಸರ ಯಾರಿಗಿದೆ?"

ಎರಡೂ ಕಡೆ ಹಾರ್ನು ಮೊಳಗಿತು. ಅವರು ಕಾಫಿ ಆರುವುದನ್ನೇ ನೋಡುತ್ತ ಕೂತರು.

ಎರಡನೆಯ ಶನಿವಾರ ಹಿನ್ನೀರಿನಲ್ಲಿ ದೋಣಿ ಪಂದ್ಯ. ರಿಬ್ಬನ್ ಕತ್ತರಿಸಬೇಕಾದವನು ಕಮಿಷನರ್ ಡೆನ್ಬಿ. ಬಿಳಿ ಸೂಟು, ಹೊಸ ಕಾರು, ಜೇಬಿನಲ್ಲಿ ಭಾಷಣ. ಅವನು ಬೇರೆ ದಾರಿ ಹಿಡಿಯಬಹುದಿತ್ತು, ಆದರೆ ಹೆಂಗಸೊಬ್ಬಳಿಗೆ ಹೆದರಿ ಸುತ್ತುಬಳಸಿ ಹೋಗುವುದು ಅವನ ಜಾಯಮಾನವಲ್ಲ. ಅಡ್ಡನಿಂತ ಎರಡು ಟ್ರ್ಯಾಕ್ಟರುಗಳ ಮುಂದೆ, ಮೂವತ್ತು ಕಾರುಗಳ ತಲೆಗೆ ಸರಿಯಾಗಿ ಸಿಕ್ಕಿಕೊಂಡ. ಸಿಟ್ಟಿನಿಂದ ಬಾಗಿಲು ತೆರೆದು ಇಳಿದದ್ದೇ ತಡ, ಚೌಳಿನ ಮೇಲೆ ಸುಮ್ಮನೆ ಸುತ್ತುಹೊಡೆಯುವ ನೊಣಗಳ ಹಿಂಡೊಂದು ಆ ಬಿಳಿ ಸೂಟನ್ನು ವಿಚಾರಿಸಲು ಬಂತು. ಡೆನ್ಬಿ ಎರಡೂ ಕೈ ಮೇಲೆತ್ತಿ ಕಂಬವಾದ.

"ಹೆದರ್ಬೇಡಿ ಸ್ವಾಮಿ," ಎಂದು ವೆಲ್ಡಾ ಎಲ್ಲರಿಗೂ ಕೇಳುವಂತೆ ಕೂಗಿದಳು. "ಅವು ಗಂಡುಗಳು. ಚುಚ್ಚೋಕೆ ಕೊಂಡಿ ಇಲ್ಲ, ಮಾಡೋಕೆ ಕೆಲಸ ಇಲ್ಲ. ಸುಮ್ನೆ ಗುಂಯ್ ಅಂತ ಸುತ್ತುತಾವೆ. ಕಮಿಷನರ್ ಮಾಡ್ಬೋದು!"

ಅಷ್ಟು ಹೊತ್ತು ಅವಳನ್ನು ಬೈಯುತ್ತಿದ್ದ ಕಾರುಗಳಿಂದಲೇ ನಗು ಹೊಮ್ಮಿತು. ಲೈಲ್ ಬೆನ್ನು ತಿರುಗಿಸಿ ದೂರದ ಗುಡ್ಡ ನೋಡಿದ. ಡೆನ್ಬಿಯ ಮುಖ ಕೆಂಪಾಗಿ, ಆಮೇಲೆ ಮೆಲ್ಲನೆ ತಣ್ಣಗಾಯಿತು. ಮೂವತ್ತು ಕಾರಿನಲ್ಲಿ ಎಷ್ಟು ಮತಗಳಿರಬಹುದೆಂದು ಲೆಕ್ಕ ಹಾಕಿದನೋ ಏನೋ, ಕೈ ಕೆಳಗಿಳಿಸದೆಯೇ ಕೇಳಿದ: "ನಿಮಗೆ ಬೇಕಾಗಿರೋದು ಏನು?"

"ಒಂದು ಬೋರ್ಡು. ಜೂನ್ ನಡುವಿಂದ ಜುಲೈ ಕೊನೆವರೆಗೆ ಇಲ್ಲಿ ಇಪ್ಪತ್ತೇ ಮೈಲಿ."

"ನಲವತ್ತು."

"ಇಪ್ಪತ್ತು."

"ಮೂವತ್ತು, ಮಿಸೆಸ್ ಕ್ರಮ್. ನನಗೂ ಮಾನ ಇದೆ."

"ಹಾರ್ಲನ್, ಇನ್ನೊಂದು ಲೋಟ ಬಗ್ಗಿಸ್ಲಾ?" ಅಂದಳು ವೆಲ್ಡಾ.

"ತುಂಬ ಬಗ್ಸು," ಅಂದ ಹಾರ್ಲನ್. "ಈಗ ಹಲ್ಲು ಸರಿಹೋಗಿದೆ."

"ಇಪ್ಪತ್ತು," ಅಂದ ಡೆನ್ಬಿ.

ವೆಲ್ಡಾ ಸೀಟಿನ ಕೆಳಗೆ ಕೈಹಾಕಿ, ಹಿಂದಿನ ರಾತ್ರಿಯೇ ಬಣ್ಣ ಬಳಿದು ಬರೆದಿಟ್ಟಿದ್ದ ಬೋರ್ಡನ್ನು ಹೊರಗೆಳೆದಳು. ಹಾರ್ಲನ್ ಗುಂಡಿ ತೋಡಿದ, ಲೈಲ್ ಗೂಟ ಬಡಿದ, ಅದು ವಾಲದಂತೆ ಡೆನ್ಬಿಯೇ ಹಿಡಿದುಕೊಂಡ. ಸೂಟಿಗೆ ಹಸಿ ಬಣ್ಣ ಅಂಟಿತು. ಅವನು ಹಿನ್ನೀರು ತಲುಪುವಷ್ಟರಲ್ಲಿ ರಿಬ್ಬನ್ನನ್ನು ಬೇರೆ ಯಾರೋ ಕತ್ತರಿಸಿ ಮುಗಿಸಿದ್ದರು. ಆದರೂ ಆಡಿದ ಮಾತಿಗೆ ನಡೆದುಕೊಂಡ. ಕೌಂಟಿಯ ಅಕ್ಟೋಬರ್ ಸಭೆಯಲ್ಲಿ ಆ ಬೋರ್ಡಿಗೆ ಕಾನೂನಿನ ಮುದ್ರೆ ಬಿತ್ತು.

ಆಮೇಲೆ ಬೋರ್ಡು ಕಳವಾಗತೊಡಗಿತು. ನೊಣದ ಚಿತ್ರವಿರುವ ಫಲಕವೆಂದರೆ ಕಾಲೇಜು ಹುಡುಗರಿಗೆ ಕೋಣೆಯಲ್ಲಿ ತೂಗುಹಾಕುವ ಆಸೆ. ವೆಲ್ಡಾ ಪ್ರತಿ ಚಳಿಗಾಲದಲ್ಲೂ ಅರ್ಧ ಡಜನ್ ಬರೆದಿಡುತ್ತಿದ್ದಳು. ಕೊನೆಗೆ ಬೋರ್ಡಿನಡಿ ಸಣ್ಣಕ್ಷರದಲ್ಲಿ "ಕದಿಯುವವರಿಗೆ: ಇನ್ನೂ ಚೆನ್ನಾಗಿರುವುದು ಎದುರು ಮನೆಯಲ್ಲಿ ಸಿಗುತ್ತದೆ, ಬಾಗಿಲು ತಟ್ಟಿ" ಎಂದೂ ಸೇರಿಸಿದಳು. ಇಬ್ಬರು ನಿಜಕ್ಕೂ ತಟ್ಟಿದರು. ಅವರಿಗೆ ಪೈ ತಿನ್ನಿಸಿ, ಮಧ್ಯಾಹ್ನವಿಡೀ ಚೌಳಿನಲ್ಲಿ ಕಳೆ ಕೀಳಿಸಿ, ಒಂದೊಂದು ಬೋರ್ಡು ಕೊಟ್ಟು ಕಳಿಸಿದಳು. ಅಷ್ಟರಲ್ಲಿ ಊರಿನ ಇನ್ನೂ ಏಳು ಮನೆಯವರು ತಮ್ಮ ಜಮೀನಿನ ಚೌಳು ಮೂಲೆಗಳನ್ನು ಉಳದೆ ಬಿಟ್ಟಿದ್ದರು. ಉಪ್ಪು ಎರಚುವಾಗ ಈಗ ಯಾರೂ ನಗುತ್ತಿರಲಿಲ್ಲ. ಓರಿನ್ ೧೯೮೯ರಲ್ಲಿ, ಹೇಳದೆ ಕೇಳದೆ, ಮಧ್ಯಾಹ್ನದ ನಿದ್ದೆಯಲ್ಲೇ ತೀರಿಕೊಂಡ. ಆ ವರ್ಷ ಪೈಪಿಗೆ ನೀರು ಬಿಡುವ ಕೆಲಸವನ್ನು ಹಾರ್ಲನ್ ಮಾಡಿದ. ಮಾಡಿಕೊಡು ಎಂದು ಅವಳೂ ಕೇಳಲಿಲ್ಲ, ಮಾಡಿದೆನೆಂದು ಅವನೂ ಹೇಳಲಿಲ್ಲ.

ವೆಲ್ಡಾಳಿಗೆ ಎಪ್ಪತ್ತೆಂಟಾದ ವರ್ಷ ಜೂನ್ ತಿಂಗಳು ಕೆಟ್ಟುಹೋಯಿತು. ಈ ಒಣ ಕಣಿವೆಯಲ್ಲಿ ಆ ಹೊತ್ತಿಗೆ ಬೀಳಬಾರದ ಮಳೆ ನಾಲ್ಕು ದಿನ ಎಡೆಬಿಡದೆ ಸುರಿಯಿತು. ಚೌಳಿನ ಮೇಲೆ ನೀರು ನಿಂತಿತು. ಮಳೆ ನಿಂತ ಮೇಲೂ ಒಂದು ನೊಣ ಏಳಲಿಲ್ಲ. ಹೂವುಗಳು ಅರಳಿ ಕಾದವು. ಊರವರು ಹೆರಿಗೆ ಮನೆಯ ಹೊರಗೆ ನಿಂತವರಂತೆ ಬೇಲಿಯ ಹತ್ತಿರ ಬಂದು, ನೋಡಿ ಹೋಗುತ್ತಿದ್ದರು. ವೆಲ್ಡಾ ಯಾರನ್ನೂ ಕೆಣಕಲಿಲ್ಲ. ಕಿಟಕಿಯ ಬಳಿ ಕೂತಳು, ಪೈ ಮಾಡುವುದನ್ನೂ ಬಿಟ್ಟಳು. ನೆಲದೊಳಗೆ ಎಲ್ಲ ಕೊಳೆತುಹೋಗಿವೆ ಎಂದೇ ಅವಳಿಗನಿಸಿತ್ತು.

ಮಳೆ ನಿಂತ ಒಂಬತ್ತನೆಯ ದಿನ ಹನ್ನೊಂದು ಗಂಟೆಗೆ ಮೊಬೈಲಿನಿಂದ ಫೋನು ಬಂತು. ಹಾರ್ಲನ್. ಅವನಿಗೂ ಎಂಬತ್ತೆರಡು ದಾಟಿತ್ತು, ಉಬ್ಬಸ ಬೇರೆ.

"ಬಂದ್ವು," ಅಂದ.

ವೆಲ್ಡಾ ಕುರ್ಚಿಯ ಕೈ ಹಿಡಿದುಕೊಂಡಳು. "ಎಷ್ಟು?"

"ಎಣಿಸೋಕೆ ನಾನೇನು ನಿನ್ನ ಗುಮಾಸ್ತನಾ? ಬಂದಿದಾವೆ. ರಸ್ತೆ ತುಂಬ ಇದಾವೆ. ನಾನು ಪಿಕಪ್ ಇಲ್ಲೇ ನಿಲ್ಸಿ ಕಾಯ್ತಿದೀನಿ, ದಾಟೋಕೆ ಬಿಡ್ತಿಲ್ಲ."

"ಹಾರ್ಲನ್."

"ಏನು?"

"ನೀನು ಗೊಬ್ಬರ ಒಳ್ಳೇದು ಹಾಕಿದ್ದೆ ಅನ್ಸುತ್ತೆ ಕಣೋ ಈ ಸಲ."

ಅತ್ತಲಿಂದ ಬಂದ ಬೈಗುಳ ಅಡುಗೆಮನೆಯವರೆಗೂ ಕೇಳಿಸಿತು. ವೆಲ್ಡಾ ಫೋನಿಟ್ಟು, ಹುಲ್ಲಿನ ಟೋಪಿ ಹುಡುಕಿ ತಲೆಗಿಟ್ಟು, ಕೋಲೂರಿಕೊಂಡು ಹೊರಟಳು. ಗೇಟಿನವರೆಗೆ ನಡೆಯಲು ಅವಳಿಗೆ ಈಗ ಕಾಲು ಗಂಟೆ ಬೇಕು. ಅಂದು ಅದರ ಅರ್ಧ ಹೊತ್ತೂ ಬೇಕಾಗಲಿಲ್ಲ.